ಅರ್ಧ ಸಿನಿಮಾದ ಅಳಿಯಂದಿರು

ಸಿರಿ, ನಿಹಾಲ್, ನಿಮಗೊಂದು ವಿಷಯ ಹೇಳುತ್ತೇನೆ, ನಂಬಿದರೆ ನಂಬಿ. ನಿಮ್ಮ ಚಿಕ್ಕಪ್ಪ ವಾರ ತಪ್ಪದೆ ಸಿನಿಮಾಕ್ಕೆ ಹೋಗುತ್ತಾರೆ, ಆದರೆ ಎಷ್ಟೋ ಕಾಲದಿಂದ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ! ಅರ್ಧ ಮಾತ್ರ ನೋಡುತ್ತಾರೆ. ಮಿಕ್ಕ ಅರ್ಧ ನೋಡುವುದು ನನ್ನ ಕಿರಿಮಗಳು, ನಿಮ್ಮ ಚಿಕ್ಕಮ್ಮ. ಇಬ್ಬರನ್ನೂ ಕೂಡಿಸಿದರೆ ಒಂದು ಸಿನಿಮಾ ಆಗುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಒಬ್ಬರಿಗೆ ತಲೆಯಿಲ್ಲ, ಒಬ್ಬರಿಗೆ ಬಾಲವಿಲ್ಲ. ನಲವತ್ತು ದಾಟಿದವರು ಮಾಡುವ ಕೆಲಸವಾ ಇದು? ನೀವೇ ಹೇಳಿ.

ನಿಮ್ಮ ಅಜ್ಜಿ ನಾನು ಓದಿದ್ದು ನಮ್ಮೂರಿನ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಹೊಸಬರ ಮುಂದೆ ನನ್ನ ಬಾಯಿ ಹೊರಡುವುದಿಲ್ಲ. ಹಾಸನದಲ್ಲಿ ಹಾಲಿನವನು ನೀರು ಬೆರೆಸಿದರೂ ಸುಮ್ಮನೆ ಕಾಸಿ ಕುಡಿದವಳು ನಾನು. ಆದರೆ ಬರೆಯಲು ಕೂತರೆ ನನಗೆ ಯಾರ ಹೆದರಿಕೆಯೂ ಇಲ್ಲ. ಬಾಯಲ್ಲಿ ಬೈಯಲಾಗದ್ದನ್ನು ಕೈಯಲ್ಲಿ ಬೈಯುತ್ತೇನೆ. ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತೀರಲ್ಲ, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿ. ಬೈಗುಳ ಬಂದ ಕಡೆ ಜೋರಾಗಿ ಓದಿ.

ಈ ಸಲ ಅಮೆರಿಕಕ್ಕೆ ಬಂದಾಗ ಡಾಲಸ್ ಹತ್ತಿರದ ಫ್ಲವರ್ ಮೌಂಡಿನ ನಿಮ್ಮ ಮನೆಯಲ್ಲಿ ಮಹಡಿಯ ರಿಪೇರಿ ನಡೆಯುತ್ತಿತ್ತಲ್ಲ, ಅದಕ್ಕೆ ನನ್ನನ್ನು ಆಸ್ಟಿನ್ ಹತ್ತಿರದ ಲಿಯಾಂಡರಿನ ನಿಮ್ಮ ಚಿಕ್ಕಮ್ಮನ ಮನೆಗೆ ಸಾಗಿಸಿದರು. ಚಿಕ್ಕಮ್ಮ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕಪ್ಪನಿಗೆ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ದೊಡ್ಡ ಇಂಜಿನಿಯರ್ ಕೆಲಸ. ಕೂದಲಿನ ಎಳೆಗಿಂತ ಸಣ್ಣ ಗೆರೆ ಕೊರೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಾರಂತೆ. ಇಷ್ಟು ಕೇಳಿ ನಾನು, ಗಂಭೀರವಾದ ಮನೆ, ಸಂಜೆ ದೀಪ ಹಚ್ಚಿ ಎರಡು ಶ್ಲೋಕ ಹೇಳಿಕೊಂಡು ಇರಬಹುದು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಊಟ ಮಾಡುವ ಹಾಗಿಲ್ಲ! ಅದರ ತುಂಬ ಒಂದು ಆಟ ಹಾಸಿದೆ. ಬಣ್ಣದ ರಟ್ಟು, ಮರದ ಬಿಲ್ಲೆ, ಬೆರಳುದ್ದದ ರಾಕ್ಷಸರು. ನಮ್ಮ ಚೌಕಾಬಾರ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಇವರ ಆಟ ನಾನು ಬರುವ ಮೊದಲೇ ಶುರುವಾಗಿತ್ತು, ನಾನು ಹೊರಡುವಾಗಲೂ ಮುಗಿದಿರಲಿಲ್ಲ. ಅಷ್ಟು ದಿನವೂ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ರಾಕ್ಷಸರು ಮಾತ್ರ ಮೇಜಿನ ಮೇಲೆ ಆರಾಮವಾಗಿದ್ದರು.

ಇನ್ನೊಂದು ಸಂಗತಿ ನಿಮಗೆ ತಿಳಿದಿರಬೇಕು. ನಾನು ಅಳಿಯಂದಿರ ಜೊತೆ ನೇರವಾಗಿ ಮಾತಾಡುವುದಿಲ್ಲ. ನಮ್ಮ ಕಾಲದ ರೀತಿ ಅದು. ನಮ್ಮಮ್ಮ ನಿಮ್ಮ ತಾತನೊಡನೆ ಕೊನೆಯವರೆಗೂ ಬಾಗಿಲ ಹಿಂದೆ ನಿಂತೇ ಮಾತಾಡಿದ್ದು. ನಿಮ್ಮಪ್ಪ ನಗಿಸಿ ನಗಿಸಿ ನನ್ನಿಂದ ಎರಡು ಮಾತು ಹೊರಡಿಸುತ್ತಾರೆ. ಚಿಕ್ಕಪ್ಪ ನನಗಿಂತ ಸಂಕೋಚದವರು. ಹಾಗಾಗಿ ಅಡುಗೆಮನೆಯಲ್ಲಿ ಹೀಗೆ ನಡೆಯುತ್ತಿತ್ತು:

"ಅವರಿಗೆ ಇನ್ನೊಂದು ದೋಸೆ ಹಾಕ್ಲಾ, ಕೇಳೇ."

ಅವರು ನನ್ನಿಂದ ಮಾರುದೂರದಲ್ಲಿ ಕೂತಿದ್ದಾರೆ. ಆದರೂ ಚಿಕ್ಕಮ್ಮನ ಕಡೆ ತಿರುಗಿ, "ಸಾಕು ಅಂತ ಅತ್ತೆಗೆ ಹೇಳು" ಅನ್ನುತ್ತಿದ್ದರು.

"ನೀವಿಬ್ರೂ ನನ್ನನ್ನ ಮೈಕ್ ಮಾಡ್ಕೊಂಡಿದೀರಲ್ಲ! ನಾನು ಮೀಟಿಂಗಿಗೆ ಹೋದ್ರೆ ಇವರಿಗೆ ಊಟಾನೇ ಇಲ್ವಾ?" ಎಂದು ಅವಳು ಕೂಗುತ್ತಿದ್ದಳು.

ಈಗ ಸಿನಿಮಾಕ್ಕೆ ಬರುತ್ತೇನೆ. ಆಸ್ಟಿನ್ನಿನಲ್ಲಿ ಒಂದು ಥಿಯೇಟರಿದೆ. ಅಲ್ಲಿ ಕತ್ತಲಲ್ಲೇ ಊಟ ತಂದುಕೊಡುತ್ತಾರೆ. ಮಾತಾಡಿದರೆ, ಫೋನಿನ ಬೆಳಕು ಕಂಡರೆ ಎಬ್ಬಿಸಿ ಆಚೆ ಕಳಿಸುತ್ತಾರಂತೆ. ಮಾತಾಡದೆ ಇರುವ ಜಾಗ ಎಂದ ಕೂಡಲೇ ನನಗೆ ಬಹಳ ಹಿಡಿಸಿತು. ನಾನೂ ಚಿಕ್ಕಮ್ಮನೂ ಒಳಗೆ ಹೋಗಿ ಕೂತೆವು. ಚಿಕ್ಕಪ್ಪ ಬರಲೇ ಇಲ್ಲ. ಗಾಡಿ ನಿಲ್ಲಿಸಲು ಹೋಗಿರಬೇಕು ಅಂದುಕೊಂಡೆ. ಸಿನಿಮಾ ಅರ್ಧವಾಗುವ ಹೊತ್ತಿಗೆ ಚಿಕ್ಕಮ್ಮ ಬಗ್ಗಿಕೊಂಡು ಎದ್ದು ಹೋದಳು. ಕೊಂಚ ಹೊತ್ತಿಗೆ ಅದೇ ಸೀಟಿಗೆ ಚಿಕ್ಕಪ್ಪ ಬಗ್ಗಿಕೊಂಡು ಬಂದು ಕೂತರು! ಅವಳು ಅರ್ಧ ತಿಂದು ಉಳಿಸಿದ್ದ ಕರಿದ ಆಲೂಗಡ್ಡೆಯನ್ನು ಅವರು ಮುಂದುವರಿಸಿದರು. ಪಕ್ಕದಲ್ಲಿ ಅಳಿಯಂದಿರು, ಎದುರಿಗೆ ಪರದೆಯ ಮೇಲೆ ಯಾರೋ ಯಾರನ್ನೋ ಮುದ್ದಿಸುತ್ತಿದ್ದಾರೆ. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡು ಭೂಮಿ ಬಾಯಿಬಿಡಬಾರದೇ ಎಂದು ಕೂತೆ.

ವಾಪಸು ಬರುವಾಗ ಕಾರಿನಲ್ಲಿ ಶುರುವಾಯಿತು ನೋಡಿ. ಇವಳು ಮೊದಲರ್ಧದ ಕಥೆ ಹೇಳಿದಳು, ಅವರು ಎರಡನೆಯ ಅರ್ಧದ್ದು.

"ಅದ್ಹೇಗೆ ಅವನೇ ಕಳ್ಳ ಆಗ್ತಾನೆ? ಸಾಧ್ಯಾನೇ ಇಲ್ಲ. ಮೊದಲ್ನೇ ಸೀನಲ್ಲೇ ಅವನು ನಾಯಿಮರಿ ಉಳಿಸ್ತಾನೆ!" ಎಂದಳು ಇವಳು.

"ಯಾವ ನಾಯಿಮರಿ? ನಾನು ಬಂದ್ಮೇಲೆ ನಾಯೀನೇ ಇರ್ಲಿಲ್ಲ" ಎಂದರು ಅವರು.

"ಅಮ್ಮ, ಆ ನಾಯಿ ಏನಾಯ್ತು?"

ಇಡೀ ಸಿನಿಮಾ ನೋಡಿದವಳು ನಾನೊಬ್ಬಳೇ. ನನಗೋ ಇಂಗ್ಲಿಷು ಬರುವುದಿಲ್ಲ!

ಮೊದಲ ಸಲ ನಕ್ಕು ಸುಮ್ಮನಾದೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಆಗ ನನಗೆ ಅನುಮಾನ ಶುರುವಾಯಿತು. ಮನೆಯಲ್ಲಿ ಚೆನ್ನಾಗಿ ನಗುತ್ತಾರೆ, ಒಟ್ಟಿಗೆ ಪಾತ್ರೆ ತೊಳೆಯುತ್ತಾರೆ. ಹೊರಗೆ ಹೋದರೆ ಮಾತ್ರ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ. ನನ್ನೆದುರು ನಾಟಕ ಆಡುತ್ತಿದ್ದಾರೆಯೇ? ಈ ಮದುವೆ ಒಳಗೊಳಗೇ ಬಿರುಕು ಬಿಟ್ಟಿದೆಯೇ? ಕೇಳೋಣವೆಂದರೆ ನಾಲಗೆ ಏಳುವುದಿಲ್ಲ. ಮಗಳನ್ನು ಕೇಳಿ, ಅವಳು ಹೌದು ಅಂದುಬಿಟ್ಟರೆ?

ಅಷ್ಟರಲ್ಲಿ ಡಾಲಸ್ಸಿನ ಕನ್ವೆನ್ಷನ್ ಬಂತು. ಕನ್ವೆನ್ಷನ್ ಎಂದರೆ ಭಾಷಣ, ಸನ್ಮಾನ, ಶಾಲು ಎಂದು ತಿಳಿದು ನಾನು ಇಳಕಲ್ ಸೀರೆ ಉಟ್ಟೆ. ಚಿಕ್ಕಪ್ಪ ಗ್ಯಾರೇಜಿನಿಂದ ಹೊರಗೆ ಬಂದರು. ಬಂದದ್ದು ಚಿಕ್ಕಪ್ಪ ಎಂದು ನನಗೆ ಗೊತ್ತಾದದ್ದು ಅವರ ಚಪ್ಪಲಿಯಿಂದ! ತಲೆಯಿಂದ ಮೊಣಕಾಲಿನವರೆಗೆ ಸ್ಪಂಜಿನ ಹಾಳೆ ಕತ್ತರಿಸಿ, ಅಂಟಿಸಿ, ಬೆಳ್ಳಿ ಬಣ್ಣ ಬಳಿದು ಯಂತ್ರದ ಮನುಷ್ಯನಾಗಿದ್ದರು. ಚಿಕ್ಕಮ್ಮ ನೇರಳೆ ಕೂದಲಿನ ಮಂತ್ರವಾದಿ. ಸಿನಿಮಾ, ಆಟಗಳ ಪಾತ್ರಗಳ ವೇಷ ಹಾಕಿಕೊಂಡು ಬರುವವರ ಕೂಟವಂತೆ ಅದು. ಆ ವೇಷದಲ್ಲೇ ಹೆದ್ದಾರಿಯಲ್ಲಿ ಮೂರು ಗಂಟೆಗೂ ಮೀರಿದ ಪ್ರಯಾಣ! ಪೆಟ್ರೋಲ್ ಬಂಕಿನಲ್ಲಿ ಒಂದು ಮಗು ಅತ್ತಿತು, ಒಂದು ಮಗು ಕುಣಿಯಿತು, ನಾನು ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿದೆ.

ಇಷ್ಟೆಲ್ಲ ಮಾಡಿಕೊಂಡು ಹೋದವರು ಒಳಗೆ ಬರಬೇಕೋ ಬೇಡವೋ? ಚಿಕ್ಕಪ್ಪ ಬಾಗಿಲ ಹೊರಗೇ ನಿಂತರು, ಡಾಲಸ್ಸಿನ ಆ ಬಿಸಿಲಿನಲ್ಲಿ!

"ಅವರು ಯಾಕೆ ಬರಲ್ವೇ?" ಎಂದೆ ಚಿಕ್ಕಮ್ಮನಿಗೆ.

"ಒಳಗೆ ಸಿಗ್ನಲ್ ಸಿಗಲ್ಲಮ್ಮ. ಈಗ ಅವರ ಸರದಿ. ಆಮೇಲೆ ನಾನು ನಿಲ್ತೀನಿ."

ಸಿಗ್ನಲ್ಲಂತೆ! ಹೆಂಡತಿ ಇಲ್ಲೇ ಇದ್ದಾಳೆ, ಇನ್ನು ಯಾರಿಗೆ ಫೋನು ಮಾಡಬೇಕು ಈ ಮನುಷ್ಯ? ನೆಪ, ಬರೀ ನೆಪ. ಒಳಗಿನ ವಿಚಿತ್ರ ಪ್ರಾಣಿಗಳ ನಡುವೆ ನನ್ನ ಇಳಕಲ್ ಸೀರೆಯನ್ನು ಯಾರೋ ಮೆಚ್ಚಿ, "ಅಮೇಜಿಂಗ್ ಕಾಸ್ಟ್ಯೂಮ್!" ಎಂದು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಆ ಅವಮಾನವನ್ನೂ ನುಂಗಿದೆ.

ಅದೇ ಸಂಜೆ ನಿಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತಲ್ಲ, ನೆನಪಿದೆಯೇ? ಕಾರಿನಲ್ಲಿ ವೇಷ ಕಳಚಿ, ಪಂಚೆ ಉಟ್ಟು ಬರುವುದೆಂದು ಮಾತಾಗಿತ್ತು. ಕಳಚಲು ಬಂದರೆ ತಾನೆ? ಅಷ್ಟು ಹೊತ್ತು ಬಿಸಿಲಲ್ಲಿ ನಿಂತದ್ದಕ್ಕೆ ಅಂಟು ಕರಗಿ, ಮುಖವಾಡ ಕುತ್ತಿಗೆಗೆ, ಮೈಯ ಹಾಳೆಗಳು ಬಟ್ಟೆಗೆ ಕಚ್ಚಿಕೊಂಡಿದ್ದವು. ಪೂಜೆಯ ವೇಳೆಗೆ ಯಂತ್ರದ ಮನುಷ್ಯನೇ ಬಂದು ಮಣೆಯ ಮುಂದೆ ನಿಂತ. ಕಾಲು ಮಡಿಸಿ ನೆಲದ ಮೇಲೆ ಕೂರಲಾಗದು. ಪುರೋಹಿತರು ಕೂಡ ವಾರದ ದಿನಗಳಲ್ಲಿ ಸಾಫ್ಟ್‌ವೇರಿನವರೇ ಅಲ್ಲವೇ, ಅವರು ಕಣ್ಣು ಕೂಡ ಮಿಟುಕಿಸಲಿಲ್ಲ.

"ಇವರ ಗೋತ್ರ?" ಎಂದರು.

"ಕಾಶ್ಯಪ" ಎಂದಿತು ಮುಖವಾಡ, ಕೊಳವೆಯೊಳಗಿನಿಂದ ಬಂದಂಥ ದನಿಯಲ್ಲಿ.

"ಸರಿ" ಎಂದು ಅವರು ಸಂಕಲ್ಪ ಮುಂದುವರಿಸಿದರು. ತೀರ್ಥ ಕೊಡುವಾಗ ಉದ್ಧರಣೆಯಿಂದ ಬಾಯಿಯ ಸೀಳಿನೊಳಕ್ಕೆ ಜಾಗ್ರತೆಯಾಗಿ ಸುರಿದರು. ನಿಹಾಲ್, ನೀನು "ಚಿಕ್ಕಪ್ಪ ಈಸ್ ಆಸಮ್!" ಎಂದು ಚಪ್ಪಾಳೆ ತಟ್ಟಿದೆ. ನಿಮ್ಮಮ್ಮ ನಿನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಅದನ್ನು ಬಿಡಿಸಿದ್ದು. ನಾನು ದೂರ ನಿಂತು, "ಕಿವಿ ಹತ್ರ ಇನ್ನೊಂಚೂರು ಹಚ್ಚೇ, ನೋವಾಗುತ್ತಾ ಕೇಳು" ಎನ್ನುತ್ತಿದ್ದೆ. "ಇಲ್ಲ ಅಂತ ಹೇಳು" ಎಂದಿತು ಎಣ್ಣೆಯಲ್ಲಿ ಮುಳುಗಿದ ಮುಖ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೆಂಡತಿಯ ಜೊತೆ ನೆರಳಿನಲ್ಲಿ ನಿಲ್ಲುವ ಬದಲು ಬಿಸಿಲಲ್ಲಿ ಬೇಯುವ ಗಂಡನಿಗೆ ಏನು ಹೇಳುತ್ತೀರಿ?

ಹ್ಯೂಸ್ಟನ್ನಿನ ಹತ್ತಿರದ ಜಾತ್ರೆಯಲ್ಲಿ ನನ್ನ ಅನುಮಾನ ಗಟ್ಟಿಯಾಯಿತು. ಅಲ್ಲಿ ಕಾಡಿನ ನಡುವೆ ಹಳೆಯ ಕಾಲದ ಒಂದು ಊರನ್ನೇ ಕಟ್ಟಿದ್ದಾರೆ. ಬಂದವರೆಲ್ಲ ರಾಜ, ರಾಣಿ, ಕಮ್ಮಾರ, ಭಿಕ್ಷುಕ. ಭಿಕ್ಷುಕನ ಕೈಯಲ್ಲೂ ಕಾರಿನ ಕೀ! ಗಂಡಸರು ಗದೆಯಷ್ಟು ದೊಡ್ಡ ಕೋಳಿಕಾಲು ಹಿಡಿದು ಕಡಿಯುತ್ತ ಓಡಾಡುತ್ತಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಊರು ಸುತ್ತಿದೆ. ಚಿಕ್ಕಪ್ಪ ಈ ಜಾತ್ರೆಗಾಗಿ ಸಣ್ಣ ಸಣ್ಣ ಉಕ್ಕಿನ ಬಳೆಗಳನ್ನು ಇಕ್ಕಳದಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಹಿಂದಿನ ಕಾಲದ ಸೈನಿಕರ ಅಂಗಿ ಹೆಣೆದಿದ್ದರು. ತಿಂಗಳುಗಟ್ಟಲೆ ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ಬಳೆ ಚುಚ್ಚುತ್ತಿತ್ತು. ನನ್ನ ಸಾರಿನಲ್ಲೂ ಒಂದು ಸಿಕ್ಕಿತ್ತು. ಆ ಅಂಗಿ ತೊಟ್ಟು, ಜಣಜಣ ಎನ್ನುತ್ತ ನಡೆದು, ಜಾತ್ರೆಯ ದಿಡ್ಡಿ ಬಾಗಿಲ ಹತ್ತಿರ ಬಂದು, ಅಲ್ಲೇ ನಿಂತುಬಿಟ್ಟರು!

"ಮರಗಳ ಮಧ್ಯೆ ಸಿಗ್ನಲ್ ಹೋಗುತ್ತಮ್ಮ" ಎಂದಳು ಇವಳು.

ಒಳಗೆ ಕುದುರೆ ಸವಾರರು ಈಟಿ ಹಿಡಿದು ಒಬ್ಬರನ್ನೊಬ್ಬರು ಕೆಡವುತ್ತಿದ್ದರು. ಜನ ಕೂಗುತ್ತಿದ್ದರು. ಚಿಕ್ಕಮ್ಮನೂ ಕೂಗಿದಳು. ಕೂಗಿದ ಮೇಲೆ ಪಕ್ಕಕ್ಕೆ ತಿರುಗಿ ಏನೋ ಹೇಳಲು ಹೋದಳು. ಪಕ್ಕದಲ್ಲಿ ನಾನಿದ್ದೆ. ಹೇಳಬೇಕೆಂದಿದ್ದು ನನಗಲ್ಲ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಫೋಟೋ ತೆಗೆಯುವವಳೊಬ್ಬಳು ಬಂದು, ಗಂಡ ಹೆಂಡತಿ ಜೋಡಿಯಾಗಿ ಸಿಂಹಾಸನದ ಮೇಲೆ ಕೂರಿ ಎಂದಳು. "ಅವರು ಹೊರಗಿದಾರೆ" ಎಂದು ಇವಳು ಒಬ್ಬಳೇ ಕೂತಳು. ಲಿಯಾಂಡರಿಗೆ ಬಂದು ಗೋಡೆ ನೋಡಿದೆ. ಅಷ್ಟೊಂದು ಜಾತ್ರೆಯ ಫೋಟೋಗಳಿವೆ, ಹಳೆಯ ಒಂದೆರಡು ಬಿಟ್ಟರೆ ಎಲ್ಲದರಲ್ಲೂ ಒಬ್ಬರೇ! ಒಂದರಲ್ಲಿ ಅವಳು, ಒಂದರಲ್ಲಿ ಅವರು.

ನಿಮ್ಮಮ್ಮನಿಗೆ ಫೋನು ಮಾಡಿ ಅತ್ತುಬಿಟ್ಟೆ.

"ಅಮ್ಮ, ಸುಮ್ನಿರು. ಇಲ್ಲಿ ಎಲ್ರಿಗೂ ಅವರವರ ಸ್ಪೇಸ್ ಬೇಕಾಗುತ್ತೆ" ಎಂದಳು.

"ನಾಲ್ಕು ರೂಮಿದೆ ಕಣೇ ಈ ಮನೇಲಿ! ಇನ್ನೆಷ್ಟು ಬೇಕು?"

"ನಿನಗೆ ಅಷ್ಟು ಚಿಂತೆ ಇದ್ರೆ ಅವರನ್ನೇ ಕೇಳು."

ಕೇಳುವುದಂತೆ! ಅಳಿಯಂದಿರಿಗೆ ದೋಸೆ ಬೇಕಾ ಎಂದು ಕೇಳಲಾರದವಳು, ಹೆಂಡತಿ ಬೇಕಾ ಎಂದು ಕೇಳಲೇ?

ಆದರೂ ಕೇಳಿದೆ. ಹೇಗೆ ಕೇಳಿದೆನೋ ನನಗೇ ತಿಳಿಯದು. ಮುಂದಿನ ಶನಿವಾರ ಮತ್ತೆ ಆಸ್ಟಿನ್ನಿನ ಅದೇ ಥಿಯೇಟರು, ಬೆಳಗಿನ ಆಟ. ಚಿಕ್ಕಪ್ಪ ಹೊರಗೆ, ನಾವು ಒಳಗೆ. ಪರದೆಯ ಮೇಲೆ ಒಬ್ಬ ಗಂಡ ಪೆಟ್ಟಿಗೆ ಕಟ್ಟಿಕೊಂಡು ಮನೆ ಬಿಟ್ಟು ಹೊರಟ. ಭಾಷೆ ತಿಳಿಯದಿದ್ದರೂ ಅದು ತಿಳಿಯಿತು. ನನಗೆ ಕೂರಲಾಗಲಿಲ್ಲ. ಚಿಕ್ಕಮ್ಮನ ಕೈ ತಟ್ಟಿ, ಬಚ್ಚಲಿಗೆ ಎಂದು ಸನ್ನೆ ಮಾಡಿ ಎದ್ದು ಬಂದೆ.

ಚಿಕ್ಕಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಂದು ತೊಡೆಯ ಮೇಲೆ ಅವರ ಫೋನು, ಇನ್ನೊಂದರ ಮೇಲೆ ಚಿಕ್ಕಮ್ಮನ ಫೋನು. ಬಚ್ಚಲಿಗೂ ಫೋನು ಹಿಡಿದು ಹೋಗುವ ಮನುಷ್ಯ ಅದರಲ್ಲಿ ಏನನ್ನೂ ನೋಡುತ್ತಿರಲಿಲ್ಲ. ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕಾಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು. ಹೇಳಲು ನಡುವೆ ಚಿಕ್ಕಮ್ಮ ಇಲ್ಲ.

"ನಿಮಗೂ ಅವಳಿಗೂ ಏನಾಗಿದೆ?" ಎಂದೆ ನಾನು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒಟ್ಟಿಗೆ ಕೂರೋಕೆ ಆಗದೇ ಇರೋವಷ್ಟು ಏನು ತಪ್ಪು ಮಾಡಿದಾಳೆ ಅವಳು?"

"ಅಯ್ಯೋ ಅತ್ತೆ! ಅದಲ್ಲ, ಅದಲ್ಲ" ಎಂದರು. ಆಮೇಲೆ ನೆಲ ನೋಡುತ್ತ ನಿಧಾನವಾಗಿ ಹೇಳಿದರು. "ಮಾವ ಹೋದ ದಿನ ನಾವು ಇಲ್ಲೇ ಇದ್ವಿ. ಇದೇ ಥಿಯೇಟರು. ಒಳಗೆ ಫೋನ್ ಆಫ್ ಮಾಡ್ಬೇಕಲ್ಲ. ನೀವು ಆಸ್ಪತ್ರೆಯಿಂದ ಮೇಲಿಂದ ಮೇಲೆ ಫೋನ್ ಮಾಡಿದ್ರಿ. ಸಿನಿಮಾ ಮುಗಿಸಿ, ನಗ್ತಾ ಹೊರಗೆ ಬಂದು ಫೋನ್ ಆನ್ ಮಾಡಿದ್ಳು. ಇದೇ ಬೆಂಚು, ಅತ್ತೆ."

ನಾನು ಕೂತುಬಿಟ್ಟೆ.

"ಆಮೇಲೆ ಅವಳು ಎಲ್ಲಿಗೂ ಬರ್ತಿರ್ಲಿಲ್ಲ. ಸಿನಿಮಾ ಇಲ್ಲ, ಜಾತ್ರೆ ಇಲ್ಲ, ಫೋನ್ ಕೈಯಲ್ಲಿ ಹಿಡ್ಕೊಂಡೇ ಮಲಗೋಳು. ಕೊನೆಗೆ ನಾನೇ ಅಂದೆ, ನೀನು ಒಳಗೆ ಹೋಗು, ನಾನು ಹೊರಗೆ ಇರ್ತೀನಿ, ಫೋನ್ ಬಂದ್ರೆ ನಾನು ಎತ್ತೀನಿ ಅಂತ. ನೀನು ಮಾತ್ರ ಹೊರಗೆ ಇರೋದು ನ್ಯಾಯ ಅಲ್ಲ ಅಂದ್ಳು. ಅದಕ್ಕೆ ಅರ್ಧರ್ಧ ಮಾಡ್ಕೊಂಡ್ವಿ. ನಿಮ್ಮ ಫೋನ್ ಯಾವತ್ತೂ ಮಿಸ್ ಆಗ್ಬಾರ್ದು, ಅಷ್ಟೇ."

"ನನ್ನ ಫೋನಾ?"

"ಹೂಂ ಅತ್ತೆ."

"ನಾನು ಇಲ್ಲೇ ಇದೀನಲ್ಲ! ಇಷ್ಟು ತಿಂಗಳಿಂದ ನಿಮ್ಮ ಪಕ್ಕದಲ್ಲೇ ಕೂತು ಪಾಪ್‌ಕಾರ್ನ್ ತಿಂತಾ ಇದೀನಿ! ನಾನು ಒಳಗಿಂದ ಹೊರಗಡೆ ಕೂತಿರೋ ನಿಮಗೆ ಫೋನ್ ಮಾಡ್ತೀನಾ?"

ಕೂದಲೆಳೆಗಿಂತ ಸಣ್ಣ ಗೆರೆ ಕೊರೆಯುವ ಇಂಜಿನಿಯರು ಬಾಯಿ ತೆರೆದು ನನ್ನನ್ನೇ ನೋಡಿದರು.

"ಹೌದಲ್ವಾ!" ಎಂದರು. "ಇದು ನಮಗೆ ಹೊಳೀಲೇ ಇಲ್ಲ."

ಹೊಳೆಯಲಿಲ್ಲವಂತೆ! ಕಾಯುತ್ತಿದ್ದ ಫೋನು ಯಾರದೋ, ಆಕೆಯನ್ನೇ ಕಾರಿನಲ್ಲಿ ಕೂರಿಸಿಕೊಂಡು ಡಾಲಸ್ಸು, ಹ್ಯೂಸ್ಟನ್ನು ಸುತ್ತಿದ್ದಾರೆ, ಹೋದಲ್ಲೆಲ್ಲ ಆಕೆಯ ಫೋನಿಗಾಗಿ ಬಿಸಿಲಲ್ಲಿ ನಿಂತು ಬೆಂದಿದ್ದಾರೆ! ಇಬ್ಬರ ಡಿಗ್ರಿಗಳನ್ನೂ ಆ ಊಟದ ಮೇಜಿನ ರಾಕ್ಷಸರಿಗೆ ಕೊಡಬೇಕು. ನನಗೆ ಸಿಟ್ಟು ಬಂತು, ನಗು ಬಂತು, ಆಮೇಲೆ ನಿಮ್ಮ ತಾತನ ನೆನಪು ಬಂತು. ಅವರ ಅಂದಿನ ಒಂದು ಮಾತು ನನ್ನ ಹತ್ತಿರವೇ ಉಳಿದಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳದೆ ಹೇಳುವ ಅಭ್ಯಾಸ ನನಗಿಲ್ಲ.

ನಿಮ್ಮ ತಾತನಿಗೆ ಚಿಕ್ಕಮ್ಮ ಪ್ರತಿ ವಾರ ಫೋನಿನಲ್ಲಿ ತಾನು ನೋಡಿದ ಸಿನಿಮಾದ ಕಥೆ ಹೇಳುತ್ತಿದ್ದಳು. ಅವರು ಹೂಂಗುಟ್ಟುತ್ತ ಕೇಳುತ್ತಿದ್ದರು. ಅಂದು ಆಸ್ಪತ್ರೆಯಲ್ಲಿ ನಾನು ನಂಬರು ಒತ್ತಿ ಒತ್ತಿ ಗೋಳಾಡುವಾಗ ಅವರು ನನ್ನ ಕೈ ಹಿಡಿದು, "ಇವತ್ತು ಶನಿವಾರ ಕಣೇ. ಸಿನಿಮಾದಲ್ಲಿರ್ತಾಳೆ. ಪೂರ್ತಿ ನೋಡ್ಲಿ ಬಿಡು, ಅರ್ಧಕ್ಕೆ ಎಬ್ಬಿಸ್ಬೇಡ. ನಾಳೆ ಕಥೆ ಹೇಳ್ತಾಳೆ" ಎಂದಿದ್ದರು.

ಅದನ್ನು ಅಳಿಯಂದಿರಿಗೆ ಹೇಳಿದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡರು. "ಇದನ್ನ ಅವಳಿಗೆ ಹೇಳಿ ಅತ್ತೆ" ಎಂದರು, ತಿರುಗದೆಯೇ.

"ಹೇಳ್ತೀನಿ. ಮೊದಲು ಆ ಫೋನುಗಳನ್ನ ಇಲ್ಲಿ ಕೊಡಿ. ನೀವು ಒಳಗೆ ಹೋಗಿ. ಅವಳು ಎದ್ದು ಬರೋಕೆ ಹೊರಟ್ರೆ ಕೈ ಹಿಡಿದು ಕೂರಿಸಿ."

"ನೀವು ಇಲ್ಲಿ ಒಬ್ರೇನಾ? ಯಾರಾದ್ರೂ ಬಂದು ಮಾತಾಡ್ಸಿದ್ರೆ?"

"ಮಾತಾಡ್ತೀನಿ. ನಿಮ್ಮ ಹತ್ರಾನೇ ಮಾತಾಡಿದ್ದಾಯ್ತು, ಇನ್ಯಾರದ್ದೇನು?"

ಅವರು ಹೋದರು. ನಾನು ಎರಡು ಫೋನುಗಳನ್ನು ಮಡಿಲಲ್ಲಿಟ್ಟುಕೊಂಡು ಆ ಬೆಂಚಿನ ಮೇಲೆ ಕೂತೆ. ಗಿಜಿಗುಡುವ ಜನರ ನಡುವೆ ಒಬ್ಬಳೇ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಒಬ್ಬ ಹುಡುಗಿ ಬಂದು ಏನೋ ಕೇಳಿದಳು. "ನೋ ಥ್ಯಾಂಕ್ಯೂ" ಎಂದೆ. ಏನು ಬೇಡವೆಂದೆನೋ ಇಂದಿಗೂ ತಿಳಿಯದು. ಫೋನು ಒಂದೇ ಒಂದು ಸಲವೂ ಬಡಿದುಕೊಳ್ಳಲಿಲ್ಲ.

ಆಟ ಬಿಟ್ಟಾಗ ಇಬ್ಬರೂ ಜೊತೆಯಾಗಿ ಬಂದರು, ಕಣ್ಣು ಕೆಂಪಗೆ ಮಾಡಿಕೊಂಡು. ಸಿನಿಮಾ ಅಂಥದ್ದಂತೆ. ಕಾರಿನಲ್ಲಿ ಚಿಕ್ಕಮ್ಮನಿಗೆ ತಾತನ ಮಾತು ಹೇಳಿದೆ. ಸ್ಟೀರಿಂಗ್ ಹಿಡಿದವಳು ಲಿಯಾಂಡರಿನ ತಿರುವನ್ನು ದಾಟಿ ಮುಂದೆ ಹೋಗುತ್ತಲೇ ಇದ್ದಳು. ಎಷ್ಟೋ ದೂರ ಹೋದ ಮೇಲೆ ನಾನೇ, "ಕಥೆ ಹೇಳೇ" ಎಂದೆ. ಅವಳು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದಳು. ಒಂದು ಸೀನನ್ನೂ ಬಿಡದೆ ಕೊನೆಯವರೆಗೆ ಹೇಳಿದಳು. ನಾನು ಹೂಂಗುಟ್ಟುತ್ತ ಕೇಳಿದೆ.

ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕಗಳ ಜೊತೆ ರದ್ದಿಗೆ ಹಾಕಬೇಡಿ, ಕೈಗೆ ಸಿಗುವ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದ್ದು ಎಷ್ಟು ತಡವಾಗಿ ತಲುಪುತ್ತದೆ ಎಂದು ನೋಡಿದಿರಲ್ಲ, ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಿಮ್ಮ ತಾತನ ಹಾಗೆ ನಾನೂ ಹೋಗುವ ಹೊತ್ತಿಗೆ ನೀವೆಲ್ಲಾದರೂ ಸಿನಿಮಾದಲ್ಲಿದ್ದರೆ, ಇಬ್ಬರೂ ಪಕ್ಕಪಕ್ಕ ಕೂತು, ಪೂರ್ತಿ ನೋಡಿಕೊಂಡು ಬನ್ನಿ.